ಲೀಟರಿಗೆ ಮೂರು ರೂಪಾಯಿ: ಕೊಯಮತ್ತೂರು ಸೀಮೆಯ ಹಾಲಿನ ಲೆಕ್ಕ

ಕೊಳ್ಳೇಗಾಲ ತಾಲ್ಲೂಕು 1956ರ ಅಕ್ಟೋಬರ್ ಕೊನೆಯವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಅದು ಮೈಸೂರು ರಾಜ್ಯಕ್ಕೆ ಬಂತು. ಒಂದೇ ಕಲೆಕ್ಟರ ಕೈಕೆಳಗಿದ್ದ ಹಳ್ಳಿಗಳು ಎರಡು ರಾಜ್ಯಗಳ ಪಾಲಾದವು. ಈಗ ಕೊಳ್ಳೇಗಾಲದ ಕಡೆ ಡೈರಿಗೆ ಹಾಲು ಹಾಕುವ ರೈತನಿಗೆ ಕರ್ನಾಟಕ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಕೊಯಮತ್ತೂರು ಜಿಲ್ಲೆಯಲ್ಲೇ ಉಳಿದ ಅನ್ನೂರಿನ ಕಡೆ ಸೊಸೈಟಿಗೆ ಹಾಲು ಹಾಕುವ ರೈತನಿಗೆ ತಮಿಳುನಾಡು ಸರ್ಕಾರ ಕೊಡುವುದು 3 ರೂಪಾಯಿ. ಎರಡೂ ಕಡೆಯ ಕೊಟ್ಟಿಗೆಯಲ್ಲಿರುವುದು ಹೆಚ್ಚುಕಡಿಮೆ ಅದೇ ಮಿಶ್ರತಳಿಯ ಸೀಮೆ ಹಸು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು, ಈ ದುಡ್ಡು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ನಿಧಾನವಾಗಿ ನೋಡೋಣ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನವರು ಕಡಿಮೆಯೇನಿಲ್ಲ. ಅನ್ನೂರು, ಕಾರಮಡೈ, ಮೇಟ್ಟುಪಾಳಯಂ ಸುತ್ತ ಬೇಸಾಯ ಮಾಡಿಕೊಂಡಿರುವ ಒಕ್ಕಲಿಗ ಮನೆತನಗಳಿವೆ, ಸಿರುಮುಗೈಯಲ್ಲಿ ಮಗ್ಗದ ಕಸುಬಿನ ದೇವಾಂಗರಿದ್ದಾರೆ. ಮನೆಯಲ್ಲಿ ಕನ್ನಡ, ಸೊಸೈಟಿಯ ಕಾರ್ಡಿನಲ್ಲಿ ತಮಿಳು. ಅಂಥ ಮನೆಗಳಲ್ಲಿ ಹೊಸದಾಗಿ ಹಸು ಕಟ್ಟಿದವರನ್ನೂ ಹೈನುಗಾರಿಕೆಯ ಹಣಕಾಸು ಎಂದರೇನೆಂದು ಮೊದಲ ಸಲ ತಿಳಿಯಹೊರಟ ಕರ್ನಾಟಕದ ಓದುಗರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಲಿನ ದಾರಿ. ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವಿರುತ್ತದೆ, ಎಲ್ಲರ ಬಾಯಲ್ಲಿ ಅದು ಸೊಸೈಟಿ. ಸೊಸೈಟಿಗಳೆಲ್ಲ ಸೇರಿ ಜಿಲ್ಲಾ ಒಕ್ಕೂಟ. ಕೊಯಮತ್ತೂರು ಒಕ್ಕೂಟದ ಡೈರಿ ಪಚ್ಚಾಪಾಳಯಂನಲ್ಲಿದೆ. ತಿರುಪ್ಪೂರು ಜಿಲ್ಲೆ 2009ರಲ್ಲಿ ಹುಟ್ಟಿತು, ಆಮೇಲೆ ಅದಕ್ಕೂ ತನ್ನದೇ ಒಕ್ಕೂಟ ಬಂತು. ಒಕ್ಕೂಟಗಳೆಲ್ಲದರ ಮೇಲೆ ರಾಜ್ಯದ ಮಹಾಮಂಡಳ, ಅದರ ಬ್ರ್ಯಾಂಡಿನ ಹೆಸರು ಆವಿನ್. ಗುಜರಾತಿನ ಆನಂದ್ ಪಟ್ಟಣದಲ್ಲಿ 1946ರಲ್ಲಿ ಶುರುವಾದ ಮಾದರಿ ಇದೇ. ಕರ್ನಾಟಕದ ನಂದಿನಿಯದೂ ಇದೇ ಮೂರು ಮೆಟ್ಟಿಲಿನ ವ್ಯವಸ್ಥೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಕರ್ನಾಟಕದಲ್ಲಿ ರೈತರಿಗೆ ಕೊಡುವ ದರವನ್ನು ಆಯಾ ಒಕ್ಕೂಟವೇ ನಿಗದಿಮಾಡುತ್ತದೆ, ಹಾಗಾಗಿ ಒಂದು ಒಕ್ಕೂಟದ ದರ ಇನ್ನೊಂದರ ದರಕ್ಕೆ ತಾಳೆಯಾಗುವುದಿಲ್ಲ. ತಮಿಳುನಾಡಿನಲ್ಲಿ ಖರೀದಿ ದರವನ್ನು ಸರ್ಕಾರವೇ ಘೋಷಿಸುತ್ತದೆ, ಇಡೀ ರಾಜ್ಯಕ್ಕೆ ಅದೊಂದೇ ದರ. 2019ರ ಆಗಸ್ಟ್‌ನಲ್ಲಿ ಹಸುವಿನ ಹಾಲಿಗೆ ಲೀಟರಿಗೆ 28 ಇದ್ದದ್ದು 32 ಆಯಿತು, ಎಮ್ಮೆ ಹಾಲಿಗೆ 35 ಇದ್ದದ್ದು 41 ಆಯಿತು. 2022ರ ನವೆಂಬರ್ 5ರಿಂದ ಹಸುವಿನ ಹಾಲು 35ಕ್ಕೂ ಎಮ್ಮೆಯದು 44ಕ್ಕೂ ಏರಿತು. ರೈತರಿಗೆ ಇದು ಸಾಲಲಿಲ್ಲ. ಇನ್ನೂ 7 ರೂಪಾಯಿ ಏರಿಸಿ, 42 ಮತ್ತು 51 ಮಾಡಿ ಎಂದು ಹಾಲು ಉತ್ಪಾದಕರ ಸಂಘದವರು 2023ರ ಮಾರ್ಚ್‌ನಲ್ಲಿ ಆವಿನ್‌ಗೆ ಹಾಲು ಹಾಕುವುದನ್ನು ನಿಲ್ಲಿಸುವ ಚಳವಳಿಗೆ ಇಳಿದರು. ಆ ವರ್ಷದ ಕೊನೆಗೆ ಸರ್ಕಾರ ಒಂದು ಆದೇಶ ಹೊರಡಿಸಿತು: ಡಿಸೆಂಬರ್ 18ರಿಂದ ಲೀಟರಿಗೆ 3 ರೂಪಾಯಿ ಪ್ರೋತ್ಸಾಹಧನ. ತಮಿಳಿನಲ್ಲಿ ಅದು ಊಕ್ಕತ್ತೊಗೈ. ಕೇಳಿದ್ದು 7, ಸಿಕ್ಕಿದ್ದು 3. ಅದೂ ದರದ ಏರಿಕೆಯಾಗಿ ಸಿಗಲಿಲ್ಲ, ಬೇರೆ ತಲೆಬರಹದಡಿ ಸಿಕ್ಕಿತು.

ಹೊಸಬರು ಎಡವುವುದು ಈ ತಲೆಬರಹದಲ್ಲೇ. ಕೈಗೆ ಬರುವ ದುಡ್ಡು ದುಡ್ಡೇ ತಾನೆ, ಅದನ್ನು ದರ ಎಂದರೇನು, ಪ್ರೋತ್ಸಾಹಧನ ಎಂದರೇನು ಅನ್ನಿಸಬಹುದು. ಎರಡಕ್ಕೂ ಬಹಳ ಅಂತರವಿದೆ. ದರದ ಹಣ ಹಾಲು ಮಾರಿದ ಹಣದಿಂದ ಬರುತ್ತದೆ. ಪೇಟೆಯಲ್ಲಿ ಪ್ಯಾಕೆಟ್ ಖರ್ಚಾಗಿ, ಆ ದುಡ್ಡು ಒಕ್ಕೂಟಕ್ಕೆ ಬಂದು, ಅಲ್ಲಿಂದ ಸೊಸೈಟಿಗೆ, ಸೊಸೈಟಿಯಿಂದ ರೈತನಿಗೆ ಇಳಿಯುತ್ತದೆ. ಅದು ರೈತ ಹಾಕಿದ ಹಾಲಿನ ಬೆಲೆ, ಅವನ ಹಕ್ಕಿನ ಹಣ. ಪ್ರೋತ್ಸಾಹಧನ ಸರ್ಕಾರದ ಬೊಕ್ಕಸದಿಂದ ಬರಬೇಕು. ಹಣಕಾಸು ಇಲಾಖೆ ಮಂಜೂರು ಮಾಡಿ, ಕಡತ ಇಳಿದು ಬಂದಮೇಲೆ ಸಿಗುವ ಹಣ ಅದು. ದರ ಏರಿಸಿದರೆ ಪ್ಯಾಕೆಟ್ಟಿನ ಬೆಲೆಯನ್ನೂ ಏರಿಸಬೇಕಾಗುತ್ತದೆ, ಪೇಟೆಯವರು ಗೊಣಗುತ್ತಾರೆ. ಪ್ರೋತ್ಸಾಹಧನ ಕೊಟ್ಟರೆ ಆ ಗೊಣಗಾಟವಿಲ್ಲ. 2021ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಅಧಿಕಾರಕ್ಕೆ ಬಂದ ದಿನವೇ ಆವಿನ್ ಹಾಲಿನ ಮಾರಾಟ ಬೆಲೆಯನ್ನು ಲೀಟರಿಗೆ 3 ರೂಪಾಯಿ ಇಳಿಸುವ ಆದೇಶಕ್ಕೆ ಸಹಿ ಬಿತ್ತು. ಅದೂ ಸಹಾಯಧನವೇ, ಆದರೆ ಹಾಲು ಕುಡಿಯುವವರಿಗೆ ಸಂದದ್ದು. ಎರಡೂವರೆ ವರ್ಷದ ಮೇಲೆ ಹಾಲು ಹಾಕುವವರಿಗೂ ಅಷ್ಟೇ ಮೊತ್ತ ಬಂತು. ಈ ಎರಡು 3 ರೂಪಾಯಿಗಳನ್ನು ಒಟ್ಟಿಗೆ ನೋಡಿದರೆ ಪೇಟೆಯ ಗ್ರಾಹಕ ಮತ್ತು ಹಳ್ಳಿಯ ರೈತ ಇಬ್ಬರನ್ನೂ ಬೊಕ್ಕಸದ ಬಲದಲ್ಲಿ ಸಂಭಾಳಿಸುವ ರಾಜಕೀಯ ಅರ್ಥವಾಗುತ್ತದೆ.

ಕರ್ನಾಟಕ ಈ ದಾರಿಯನ್ನು ಮೊದಲೇ ಹಿಡಿದಿತ್ತು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದದ್ದು 2013ರಲ್ಲಿ 4 ಆಯಿತು, 2016ರಲ್ಲಿ 5 ಆಯಿತು. ಹಾಗೆಂದು 5 ದೊಡ್ಡದು, 3 ಸಣ್ಣದು, ಆದ್ದರಿಂದ ಕರ್ನಾಟಕದ ರೈತನೇ ಪುಣ್ಯವಂತ ಎಂದು ತೀರ್ಮಾನಕ್ಕೆ ಬರಬೇಡಿ. ಒಕ್ಕೂಟ ಕೊಡುವ ದರವನ್ನೂ ಪ್ರೋತ್ಸಾಹಧನವನ್ನೂ ಕೂಡಿಸಿ ನೋಡಿದಮೇಲೆ ಹೋಲಿಸಬೇಕು. ಪ್ರೋತ್ಸಾಹಧನವೊಂದನ್ನೇ ಹಿಡಿದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಈಗ ಸೊಸೈಟಿಯ ಬಾಗಿಲಿಗೆ ಬನ್ನಿ. ಬೆಳಗಿನ ಹೊತ್ತು ಕ್ಯಾನು, ತೂಕುಪಾತ್ರೆ, ಪ್ಲಾಸ್ಟಿಕ್ ಡಬ್ಬಿ ಹಿಡಿದವರ ಸಾಲು. ಮೊದಲು ಹಾಲನ್ನು ಅಳೆಯುತ್ತಾರೆ. ಆಮೇಲೆ ಸ್ವಲ್ಪ ಹಾಲನ್ನು ಸಣ್ಣ ಬಾಟಲಿಗೆ ತೆಗೆದು ಪರೀಕ್ಷೆಯ ಯಂತ್ರಕ್ಕೆ ಕೊಡುತ್ತಾರೆ. ನಿಮಿಷದೊಳಗೆ ಎರಡು ಅಂಕಿ ಮೂಡುತ್ತವೆ: ಒಂದು ಫ್ಯಾಟ್, ಅಂದರೆ ಜಿಡ್ಡಿನ ಅಂಶ, ಇನ್ನೊಂದು ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಉಳಿದ ಗಟ್ಟಿ ಪದಾರ್ಥ. ಸರ್ಕಾರ ಘೋಷಿಸಿದ 35 ರೂಪಾಯಿ ಗೊತ್ತುಪಡಿಸಿದ ಗುಣಮಟ್ಟದ ಹಾಲಿಗೆ. ಈ ಎರಡು ಅಂಕಿಗಳಲ್ಲಿ ಯಾವುದಾದರೊಂದು ಇಳಿದರೆ ದರವೂ ಇಳಿಯುತ್ತದೆ. ಮೊದಲೆಲ್ಲ ಅಳತೆಯನ್ನಷ್ಟೇ ಕಾರ್ಡಿನಲ್ಲಿ ಬರೆದುಕೊಟ್ಟು, ಗುಣಮಟ್ಟದ ಲೆಕ್ಕ ಆಮೇಲೆ ಎನ್ನುವ ರೂಢಿ ಎಷ್ಟೋ ಕಡೆ ಇತ್ತು. 2023ರಿಂದ ಹಾಲು ಹಾಕಿದ ಜಾಗದಲ್ಲೇ ಅಳತೆ ಮತ್ತು ಗುಣಮಟ್ಟ ಎರಡನ್ನೂ ನಮೂದಿಸಿದ ಚೀಟಿ ಕೊಡುವ ವ್ಯವಸ್ಥೆಯನ್ನು ಆವಿನ್ ಜಾರಿಗೆ ತಂದಿತು. ನನ್ನ ಕಣ್ಣಿಗೆ ಆ ಅಂಗೈಯಗಲದ ಚೀಟಿ ಪ್ರೋತ್ಸಾಹಧನಕ್ಕಿಂತ ದೊಡ್ಡ ಸುಧಾರಣೆ. ರೈತನ ಕೈಯಲ್ಲಿ ಪುರಾವೆ ಇದ್ದರೆ ಪ್ರಶ್ನೆ ಕೇಳುವ ಧೈರ್ಯವೂ ಬರುತ್ತದೆ.

ಲೆಕ್ಕವನ್ನು ಒಂದು ಮನೆಯ ಮಟ್ಟಕ್ಕೆ ಇಳಿಸೋಣ. ಎರಡು ಹಸುವಿನ ಮನೆ, ಬೆಳಿಗ್ಗೆ 6 ಲೀಟರ್, ಸಂಜೆ 4 ಲೀಟರ್, ದಿನಕ್ಕೆ 10 ಲೀಟರ್ ಎಂದಿಟ್ಟುಕೊಳ್ಳಿ. ಹಾಲಿನ ಗುಣಮಟ್ಟ ಚೆನ್ನಾಗಿದ್ದು ಪೂರ್ತಿ 35 ರೂಪಾಯಿ ಸಿಕ್ಕಿತು ಎನ್ನಿ. ಹತ್ತು ದಿನಕ್ಕೊಂದು ಬಟವಾಡೆಯಾದರೆ 100 ಲೀಟರಿಗೆ 3,500 ರೂಪಾಯಿ ಹಾಲಿನ ಹಣ, 300 ರೂಪಾಯಿ ಪ್ರೋತ್ಸಾಹಧನ. ತಿಂಗಳಿಗೆ ಪ್ರೋತ್ಸಾಹಧನದ ಬಾಬ್ತು 900. ಫ್ಯಾಟ್ ಕಡಿಮೆಯಾಗಿ ದರ ಲೀಟರಿಗೆ 3 ರೂಪಾಯಿ ಇಳಿದರೆ ಆ 900 ಅಲ್ಲಿಗೇ ಸರಿಹೋಯಿತು. ಅಂದರೆ ಹಸುವಿನ ಮೇವಿನಲ್ಲಿ, ಆರೈಕೆಯಲ್ಲಿ ಎಚ್ಚರ ತಪ್ಪಿದರೆ ಸರ್ಕಾರ ಕೊಟ್ಟದ್ದು ಪರೀಕ್ಷೆಯ ಯಂತ್ರದ ಮುಂದೆಯೇ ಕರಗಿಹೋಗುತ್ತದೆ.

300 ರೂಪಾಯಿಯಲ್ಲೇನಿದೆ ಎನ್ನುವವರು ಹಿಂಡಿ ಅಂಗಡಿಗೆ ಹೋಗಿ ನೋಡಬೇಕು. ಈ ಸೀಮೆಯಲ್ಲಿ ಹಸುವಿಗೆ ಜೋಳದ ಸೊಪ್ಪೆ ಒಣಮೇವು, ಬಾವಿ ನೀರಿದ್ದವರಿಗೆ ಹಸಿಹುಲ್ಲು, ಜೊತೆಗೆ ಬೂಸಾ, ಹತ್ತಿಕಾಳು, ಹಿಂಡಿ. ಕಾಂಗೇಯಂ ಕೊಬ್ಬರಿ ಮತ್ತು ತೆಂಗಿನೆಣ್ಣೆ ಗಾಣಗಳಿಗೆ ದೇಶಕ್ಕೇ ಹೆಸರಾದ ಊರು, ಆದ್ದರಿಂದ ಕೊಬ್ಬರಿ ಹಿಂಡಿ ಕೈಗೆಟಕುವ ದೂರದಲ್ಲೇ ಇದೆ. ಆದರೂ ಹಿಂಡಿ, ಬೂಸಾ, ಕಾರ್ಖಾನೆಯ ಪಶು ಆಹಾರ ಇವುಗಳ ಬೆಲೆ ಹಾಲಿನ ದರದ ಹಾಗೆ ಮೂರು ವರ್ಷ ನಿಂತಲ್ಲೇ ನಿಲ್ಲುವುದಿಲ್ಲ. ಮೇವಿನ ಬೆಲೆಗೆ ತಕ್ಕಂತೆ ಬದಲಾಗದಿರುವುದೇ ಪ್ರೋತ್ಸಾಹಧನದ ಅತಿ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ 2018ರ ಕೃಷಿ ಕಾಯಿದೆ ಒಂದು ಏರ್ಪಾಡು ಮಾಡಿತು. ಹಾಲಿನ ಬೆಲೆಗೂ ಮೇವಿನ ಖರ್ಚಿಗೂ ನಡುವಿನ ಅಂತರ ಗೊತ್ತುಮಾಡಿದ ಮಟ್ಟಕ್ಕಿಂತ ಕುಗ್ಗಿದ ತಿಂಗಳು, ನೋಂದಾಯಿಸಿಕೊಂಡ ಹೈನುಗಾರನಿಗೆ ಸರ್ಕಾರದಿಂದ ಹಣ ಸಲ್ಲುತ್ತದೆ. ಆ ದೇಶದ ಡೈರಿಗಳ ಗಾತ್ರವೇ ಬೇರೆ, ಅದನ್ನು ಹಾಗೇ ಇಲ್ಲಿಗೆ ತರಲಾಗದು. ಆದರೆ ಮೇವಿನ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಆ ವಿವೇಕವನ್ನು ತರಬಹುದು. ಹಿಂಡಿಯ ಬೆಲೆ ಏರಲಿ ಇಳಿಯಲಿ, ನಮ್ಮ 3 ರೂಪಾಯಿ 3 ರೂಪಾಯಿಯಾಗಿಯೇ ಕೂತಿರುತ್ತದೆ.

ಇನ್ನು ಈ ಹಣ ಯಾರಿಗೆ ತಲುಪುವುದಿಲ್ಲ ಎಂಬ ಮಾತು. ಪ್ರೋತ್ಸಾಹಧನ ಹಸುವಿನ ಲೆಕ್ಕದಲ್ಲಿ ಬರುವುದಿಲ್ಲ, ರೈತನ ಬಡತನದ ಲೆಕ್ಕದಲ್ಲೂ ಬರುವುದಿಲ್ಲ. ಸೊಸೈಟಿಯ ಪುಸ್ತಕದಲ್ಲಿ ಬರೆದ ಲೀಟರಿನ ಲೆಕ್ಕದಲ್ಲಿ ಬರುತ್ತದೆ. ತಮಿಳುನಾಡಿನಲ್ಲಿ ದಿನಕ್ಕೆ 2 ಕೋಟಿ ಲೀಟರಿಗೂ ಮಿಕ್ಕಿ ಹಾಲು ಉತ್ಪತ್ತಿಯಾಗುತ್ತದೆ, ಆವಿನ್ ಕೊಳ್ಳುವುದು ಸುಮಾರು 30 ಲಕ್ಷ ಲೀಟರ್ ಆಸುಪಾಸು. ಉಳಿದದ್ದರಲ್ಲಿ ಮನೆಬಳಕೆಗೆ ಹೋದದ್ದು ಬಿಟ್ಟರೆ ಹೆಚ್ಚಿನದು ಖಾಸಗಿ ಡೈರಿಗಳಿಗೆ, ಬೀದಿಯ ಹಾಲಿನವರಿಗೆ, ಟೀ ಅಂಗಡಿಗಳಿಗೆ ಹೋಗುತ್ತದೆ. ಕೊಯಮತ್ತೂರು, ತಿರುಪ್ಪೂರು ಸೇರಿದ ಕೊಂಗುನಾಡಿನಲ್ಲಿ ಖಾಸಗಿ ಡೈರಿಗಳ ಬಲ ದೊಡ್ಡದು. ಅವರು ಹಾಲು ಹೆಚ್ಚು ಬೇಕಾದಾಗ ಒಳ್ಳೆಯ ದರ ಕೊಡುತ್ತಾರೆ, ಮನೆಬಾಗಿಲಿಗೇ ಗಾಡಿ ಕಳಿಸುತ್ತಾರೆ, ಎಷ್ಟೋ ಸಲ ಮುಂಗಡವನ್ನೂ ಕೊಡುತ್ತಾರೆ. ಅವರಿಗೆ ಹಾಲು ಹಾಕುವ ರೈತನಿಗೆ ಸರ್ಕಾರದ 3 ರೂಪಾಯಿ ಇಲ್ಲ. ಕರ್ನಾಟಕದಲ್ಲಿ ಚಿತ್ರ ಬೇರೆ. ನಂದಿನಿಯ ಮಹಾಮಂಡಳವಾದ ಕೆಎಂಎಫ್‌ನ ಸಂಗ್ರಹ 2024ರ ಜೂನ್‌ನಲ್ಲಿ ದಿನಕ್ಕೆ 1 ಕೋಟಿ ಲೀಟರ್ ದಾಟಿತು, ಆದ್ದರಿಂದ ಅಲ್ಲಿಯ 5 ರೂಪಾಯಿ ಹೆಚ್ಚು ಮಂದಿ ಹೈನುಗಾರರ ಮನೆ ಮುಟ್ಟುತ್ತದೆ. ಒಂದು ರಾಜ್ಯದ ಸಹಕಾರ ಸಂಘಗಳು ಎಷ್ಟು ಗಟ್ಟಿಯೋ ಅಲ್ಲಿಯ ಪ್ರೋತ್ಸಾಹಧನದ ವ್ಯಾಪ್ತಿಯೂ ಅಷ್ಟೇ.

ಲೀಟರಿನ ಲೆಕ್ಕದಿಂದ ಹೊರಗೆ ಉಳಿಯುವ ಇನ್ನೊಂದು ಜೀವ ಕಾಂಗೇಯಂ ಹಸು. ತಿರುಪ್ಪೂರು ಜಿಲ್ಲೆಯ ಒಣಸೀಮೆಯಲ್ಲಿ ಕೊರಂಗಾಡು ಎಂಬ ಖಾಸಗಿ ಹುಲ್ಲುಗಾವಲುಗಳಿವೆ. ಸುತ್ತ ಮುಳ್ಳಿನ ಕಿಳುವೈ ಗಿಡದ ಜೀವಂತ ಬೇಲಿ, ಒಳಗೆ ಕೊಳುಕ್ಕಟ್ಟೈ ಹುಲ್ಲು, ಅಲ್ಲಲ್ಲಿ ಬಿಳಿಜಾಲಿಯ ಮರ. ಮಳೆ ಕೈಕೊಟ್ಟ ವರ್ಷವೂ ದನಕ್ಕೆ ಒಂದಿಷ್ಟು ಮೇವು ಉಳಿಸಿಕೊಡುವ ಈ ಏರ್ಪಾಡನ್ನು ಕಟ್ಟಿದವರು ಇಲ್ಲಿಯ ರೈತರೇ. ಅಲ್ಲಿ ಮೇಯುವ ಕಾಂಗೇಯಂ ತಳಿ ಉಳುಮೆಗೆ, ಗಾಡಿಗೆ, ಬಾವಿಯಿಂದ ಕಪಿಲೆ ಎಳೆಯಲು ಬೆಳೆದುಬಂದದ್ದು. ವೆಳ್ಳಕೋವಿಲ್ ಹತ್ತಿರದ ಕಣ್ಣಪುರಂ ದನದ ಜಾತ್ರೆಯಲ್ಲಿ ಈ ತಳಿಯ ಎತ್ತುಗಳನ್ನು ನೋಡುವುದೇ ಒಂದು ಭಾಗ್ಯ. ಆದರೆ ಹಸು ಕೊಡುವ ಹಾಲು ದಿನಕ್ಕೆ ಎರಡು ಲೀಟರ್ ಆಸುಪಾಸು, ಕರುವಿಗೆ ಬಿಟ್ಟು ಉಳಿದದ್ದು ಮನೆಗೇ ಸರಿ. ಲೀಟರಿಗೆ ಇಷ್ಟು ಎಂದು ಹಂಚುವ ಯಾವ ಯೋಜನೆಯೂ ಈ ಹಸುವಿನ ಒಡೆಯನಿಗೆ ಏನನ್ನೂ ಕೊಡುವುದಿಲ್ಲ. ಹೆಚ್ಚು ಹಾಲಿನ ಸೀಮೆ ಹಸು ಕಟ್ಟಿದವನಿಗೆ ಹೆಚ್ಚು ಕೊಡುತ್ತದೆ. ದೇಶಿ ತಳಿ ಉಳಿಯಬೇಕೆಂದು ಸರ್ಕಾರ ಮನಸ್ಸಿನಿಂದ ಬಯಸುವುದಾದರೆ ಹಾಲಿನ ಲೆಕ್ಕ ಬಿಟ್ಟು ದನದ ಲೆಕ್ಕದಲ್ಲೇ, ಕೊರಂಗಾಡಿನ ಎಕರೆಯ ಲೆಕ್ಕದಲ್ಲೇ ನೆರವು ಕೊಡಬೇಕು.

ಚೀಟಿಯಲ್ಲಿ ಕಾಣಿಸದ ಸಹಾಯಧನಗಳೂ ಇವೆ. ತಮಿಳುನಾಡಿನಲ್ಲಿ ಬೇಸಾಯದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಹಸಿಹುಲ್ಲಿನ ಮಡಿಗೆ ಹಾಯುವ ನೀರಿನಲ್ಲಿ ಅದೂ ಸೇರಿದೆ. ಈ ಸೌಲಭ್ಯದ ಹಿಂದೆ ಇದೇ ನೆಲದ ರಕ್ತವಿದೆ. ಯೂನಿಟ್ಟಿಗೆ ಒಂದು ಪೈಸೆ ಏರಿಸಿದ್ದನ್ನು ವಿರೋಧಿಸಿ ರೈತರು ಬೀದಿಗಿಳಿದಾಗ 1970ರ ಜೂನ್ 19ರಂದು ತಿರುಪ್ಪೂರಿನ ಹತ್ತಿರದ ಪೆರುಮಾನಲ್ಲೂರಿನಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಸತ್ತರು. ಅವರ ಸ್ಮಾರಕ ಅಲ್ಲಿದೆ. ಕೊಯಮತ್ತೂರಿನ ಹತ್ತಿರದ ವೈಯಂಪಾಳಯಂನ ನಾರಾಯಣಸಾಮಿ ನಾಯ್ಡು ಅವರ ಮುಂದಾಳತ್ವದಲ್ಲಿ 1972ರಲ್ಲಿ ರೈತರು ಎತ್ತಿನಗಾಡಿಗಳನ್ನು ತಂದು ಕೊಯಮತ್ತೂರು ಪೇಟೆಯನ್ನೇ ನಿಲ್ಲಿಸಿದರು. ಪಂಪ್‌ಸೆಟ್ ಕರೆಂಟು ಎಲ್ಲ ರೈತರಿಗೂ ಪುಕ್ಕಟೆಯಾದದ್ದು 1990ರ ಹೊತ್ತಿಗೆ. ಸಹಾಯಧನವೆಂದರೆ ಸರ್ಕಾರ ಮೇಲಿನಿಂದ ಸುರಿಸುವ ದಯೆ ಎಂದುಕೊಂಡವರು ಪೆರುಮಾನಲ್ಲೂರನ್ನು ನೆನೆಯಬೇಕು.

ಕಾಲುಬಾಯಿ ಜ್ವರದ ಲಸಿಕೆಯೂ ಪುಕ್ಕಟೆ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ 13,343 ಕೋಟಿ ರೂಪಾಯಿಯ ಕಾರ್ಯಕ್ರಮವಾಗಿ ಇದನ್ನು ಶುರುಮಾಡಿತು. ಲಸಿಕೆಯವರು ಬಂದ ದಿನ ದನವನ್ನು ಹೊಲಕ್ಕೆ ಹೊಡೆದು ತಪ್ಪಿಸಿಕೊಳ್ಳುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜ್ವರ ಬಂದು ಹಾಲು ಒಣಗಿದರೆ ಆಗುವ ನಷ್ಟವನ್ನು ಯಾವ ಪ್ರೋತ್ಸಾಹಧನವೂ ತುಂಬಿಕೊಡಲಾರದು. ಹಾಗೆಯೇ ದನದ ವಿಮೆ. 2024ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ನಿಯಮಗಳನ್ನು ಬದಲಿಸಿ, ಕಂತಿನಲ್ಲಿ ರೈತನ ಪಾಲನ್ನು 15%ಕ್ಕೆ ಇಳಿಸಿದರು. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ.

ಸಾಲದ ವಿಷಯದಲ್ಲಿ ಹೊಸಬರಿಗೆ ಒಂದು ಗಟ್ಟಿ ಎಚ್ಚರಿಕೆ ಹೇಳಲೇಬೇಕು. ಹಸು ಕಟ್ಟಿದರೆ ಅರ್ಧ ದುಡ್ಡು ಸರ್ಕಾರ ಕೊಡುತ್ತದೆ ಎಂದು ನಂಬಿಸಿ ಅರ್ಜಿಗೆ, ಯೋಜನಾ ವರದಿಗೆ ಎಂದು ಹಣ ಕೀಳುವ ಮಧ್ಯವರ್ತಿಗಳಿದ್ದಾರೆ. ಜಾನುವಾರು ಮಿಷನ್ನಿನ ಉದ್ಯಮ ಯೋಜನೆಯಲ್ಲಿ 50% ಸಹಾಯಧನ ಇರುವುದು ನಿಜ. ಆದರೆ ಅದು ಕುರಿ, ಮೇಕೆ, ಹಂದಿ, ನಾಟಿಕೋಳಿ ಸಾಕಣೆಗೆ ಮತ್ತು ಮೇವಿನ ಘಟಕಕ್ಕೆ. ಮಾಮೂಲಿ ಹಾಲಿನ ಹಸು ಅದರೊಳಗೆ ಬರುವುದಿಲ್ಲ. 2010ರಿಂದ ನಬಾರ್ಡ್ ಮೂಲಕ ನಡೆದ ಡೈರಿ ಉದ್ಯಮಶೀಲತಾ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ 25%, ಪರಿಶಿಷ್ಟರಿಗೆ 33.33% ಸಹಾಯಧನ ಇತ್ತು, ಅದು ಈಗ ನಿಂತಿದೆ. ಇದ್ದಾಗಲೂ ಆ ಹಣ ರೈತನ ಕೈಗೆ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಕೂತಿದ್ದು ಸಾಲದ ಕೊನೆಯ ಕಂತುಗಳಿಗೆ ಜಮೆಯಾಗುತ್ತಿತ್ತು. ಯಾವ ಯೋಜನೆಯ ಹೆಸರು ಕೇಳಿದರೂ ಸಹಾಯಧನ ಮೊದಲೇ ಬರುತ್ತದೋ ಕೊನೆಗೆ ಬರುತ್ತದೋ ಎಂದು ಮೊದಲು ವಿಚಾರಿಸಿ.

ಎರಡು ಹಸುವಿನ ಮನೆಗೆ ನಿಜಕ್ಕೂ ಒದಗುವುದು ಕಿಸಾನ್ ಕ್ರೆಡಿಟ್ ಕಾರ್ಡು. ಬೇಸಾಯದವರಿಗಿದ್ದ ಈ ಸೌಲಭ್ಯವನ್ನು 2019ರಲ್ಲಿ ಹೈನುಗಾರರಿಗೂ ವಿಸ್ತರಿಸಿದರು. 2 ಲಕ್ಷ ರೂಪಾಯಿವರೆಗಿನ ದುಡಿಯುವ ಬಂಡವಾಳಕ್ಕೆ 7% ಬಡ್ಡಿ, ಗಡುವಿನೊಳಗೆ ಕಟ್ಟಿದರೆ ಇನ್ನೂ 3% ರಿಯಾಯಿತಿ, ಅಂದರೆ ಬೀಳುವುದು 4%. ಹಿಂಡಿ ಅಂಗಡಿಯ ಸಾಲಕ್ಕೋ ಖಾಸಗಿಯವರ ಮುಂಗಡಕ್ಕೋ ಕೊರಳೊಡ್ಡುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರೋತ್ಸಾಹಧನದ ವಿಷಯದಲ್ಲಿ ಎರಡೂ ರಾಜ್ಯಗಳ ರೈತರ ದೂರು ಒಂದೇ, ಹಣ ತಡವಾಗಿ ಬರುತ್ತದೆ ಎಂಬುದು. ಹಾಲಿನ ಬಟವಾಡೆಯ ದಿನ “ಅಣ್ಣ, ಆ ಮೂರು ರೂಪಾಯಿ ಬಂತಾ?” ಎಂದು ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿದರೆ “ಇನ್ನೂ ಮೇಲಿಂದ ಬಂದಿಲ್ಲಕ್ಕ” ಎನ್ನುವ ಉತ್ತರ ತಿಂಗಳುಗಟ್ಟಲೆ ಬಂದದ್ದಿದೆ. ಹಿಂಡಿ ಅಂಗಡಿಯವನು ತಿಂಗಳುಗಟ್ಟಲೆ ಕಾಯುವುದಿಲ್ಲ. ಹಾಲಿನ ಹಣದ ಜೊತೆಯಲ್ಲೇ, ಅದೇ ಬಟವಾಡೆಯಲ್ಲಿ ಸೇರದ ಪ್ರೋತ್ಸಾಹಧನ ರೈತನ ಲೆಕ್ಕಾಚಾರಕ್ಕೆ ಒದಗುವುದೇ ಇಲ್ಲ. ಲೀಟರಿಗೆ ಎಷ್ಟು ಎಂಬ ಚರ್ಚೆಗಿಂತ ಎಷ್ಟು ದಿನದಲ್ಲಿ ಎಂಬ ಚರ್ಚೆ ಈಗ ಆಗಬೇಕಾದದ್ದು.

ಹೊಸದಾಗಿ ಹಸು ಕಟ್ಟುವವರು ಮೊದಲು ಸೊಸೈಟಿಯ ಸದಸ್ಯತ್ವ ಮಾಡಿಸಿಕೊಳ್ಳಿ. ಎರಡು ಹೊತ್ತೂ ಚೀಟಿ ಕೇಳಿ ಪಡೆಯಿರಿ, ಅಂಕಿಗಳನ್ನು ಓದಿ, ಪ್ರೋತ್ಸಾಹಧನ ಎಷ್ಟು ತಿಂಗಳದು ಬಾಕಿ ಇದೆ ಎಂದು ಬರೆದಿಟ್ಟುಕೊಂಡು ಸಂಘದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ. ಇನ್ನೊಂದು ಮಾತು, ಇದನ್ನು ಮನೆಯ ಗಂಡಸರಿಗೆ ಹೇಳುತ್ತಿದ್ದೇನೆ. ಬೆಳಗಿನ ಜಾವ ಎದ್ದು ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವರು ಮನೆಯ ಹೆಂಗಸರಾಗಿದ್ದರೆ ಸದಸ್ಯತ್ವವೂ ಹಣ ಬೀಳುವ ಬ್ಯಾಂಕ್ ಖಾತೆಯೂ ಅವರ ಹೆಸರಿನಲ್ಲೇ ಇರಲಿ.